ಕೊಡುಕೊಳ್ಳುವ ನುಡಿ: ಕೊಯಮತ್ತೂರಿನಲ್ಲಿ ವ್ಯವಹಾರ ಕಲಿಯುವ ಕನ್ನಡ ವಿದ್ಯಾರ್ಥಿ

ವ್ಯವಹಾರಕ್ಕೆ ಕನ್ನಡದಲ್ಲಿ ‘ಕೊಡುಕೊಳ್ಳುವಿಕೆ’ ಎಂಬ ಮಾತಿದೆ. ಮರಾಠಿಯಲ್ಲಿ ಇದನ್ನೇ ‘ದೇವಾಣ-ಘೇವಾಣ’ ಎನ್ನುತ್ತಾರೆ. ತಮಿಳಿನಲ್ಲಿ ಹಣಕಾಸಿನ ವ್ಯವಹಾರಕ್ಕೆ ‘ಕೊಡುಕ್ಕಲ್ ವಾಂಗಲ್’ ಎಂಬ ಜೋಡಿಪದವಿದೆ. ಮೂರು ನುಡಿಗಳಲ್ಲಿಯೂ ಕೊಡುವುದು ಮೊದಲು ಬರುತ್ತದೆ, ಪಡೆಯುವುದು ಅನಂತರ. ಪಡೆಯುವುದನ್ನು ಮುಂದಿಟ್ಟುಕೊಂಡ ‘ಲೇವಾದೇವಿ’ ಎಂಬ ಪದವೂ ಕನ್ನಡದಲ್ಲಿ ಇದೆಯಾದರೂ ಅದು ಬಡ್ಡಿಗೆ ಹಣ ಕೊಡುವವರ ವೃತ್ತಿಗೆ ಅಂಟಿಕೊಂಡಿರುವುದು ಸ್ವಾರಸ್ಯಕರ.

ಈ ಪದಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ‘ವಿನಿಮಯ ವಿದ್ಯಾರ್ಥಿ’ಯ ಬದುಕನ್ನು ನೋಡಬಹುದು. ಒಂದು ವಿದ್ಯಾಸಂಸ್ಥೆಯಲ್ಲಿ ದಾಖಲಾದ ವಿದ್ಯಾರ್ಥಿ ಒಂದು ಅವಧಿಯನ್ನು ಮತ್ತೊಂದು ಊರಿನ ಸಂಸ್ಥೆಯಲ್ಲಿ ಓದಿ, ಅಲ್ಲಿ ಗಳಿಸಿದ ಕ್ರೆಡಿಟ್‌ಗಳೊಂದಿಗೆ ಮರಳುವುದು ಈ ವ್ಯವಸ್ಥೆಯ ಸ್ಥೂಲರೂಪ. ಅವನು ಕೊಟ್ಟದ್ದೇನು, ಕೊಂಡದ್ದೇನು? ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವವರಿಗೆ ಈ ಪ್ರಶ್ನೆ ದೂರದ್ದೆಂದು ತೋರಬಹುದು. ‘ಐಚ್ಛಿಕ ಕನ್ನಡ ಓದಿ ಮುಂದೇನು ಮಾಡುತ್ತೀರಿ?’ ಎಂದು ನೆಂಟರಿಷ್ಟರು ಕೇಳುವ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ ಎಂಬುದನ್ನು ಈ ಲೇಖನ ತೋರಿಸಲು ಯತ್ನಿಸುತ್ತದೆ. ಅದಕ್ಕೆ ಆಯ್ದುಕೊಂಡಿರುವ ಊರು ಕೊಯಮತ್ತೂರು, ಮತ್ತು ಅದರ ನೆರೆಯ ತಿರುಪ್ಪೂರು.

ಕ್ರೆಡಿಟ್ ಎಂಬ ನಂಬಿಕೆ

ವಿದ್ಯಾರ್ಥಿ ವಿನಿಮಯಕ್ಕೆ ಈಗಿರುವ ರೂಪ ಬಹುಮಟ್ಟಿಗೆ ಯುರೋಪಿನಿಂದ ಬಂದದ್ದು. 1987ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆಯ ಮೊದಲ ವರ್ಷದಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳು ನೆರೆದೇಶಗಳಿಗೆ ಹೋಗಿ ಓದಿದರು. ಒಂದು ದೇಶದ ಪಾಠವನ್ನು ಇನ್ನೊಂದು ದೇಶ ಮಾನ್ಯ ಮಾಡಬೇಕಾದರೆ ಎರಡಕ್ಕೂ ಒಪ್ಪಿಗೆಯಾಗುವ ಅಳತೆಗೋಲು ಬೇಕು. ಅಲ್ಲಿ ಒಂದು ಶೈಕ್ಷಣಿಕ ವರ್ಷಕ್ಕೆ 60 ಕ್ರೆಡಿಟ್ ಎಂಬ ಮಾನ ರೂಢಿಗೆ ಬಂದಿತು. ಭಾರತದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನಂತರ, 2021ರಲ್ಲಿ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಜಾರಿಗೆ ಬಂದಿತು. ಹೆಸರಿನಲ್ಲಿಯೇ ಬ್ಯಾಂಕ್ ಇದೆ. ವಿದ್ಯಾರ್ಥಿಗೆ ಅಲ್ಲೊಂದು ಖಾತೆ. ಗಳಿಸಿದ ಕ್ರೆಡಿಟ್ ಆ ಖಾತೆಗೆ ಜಮಾ.

‘ಕ್ರೆಡಿಟ್’ ಪದದ ಮೂಲ ಲ್ಯಾಟಿನ್ ಭಾಷೆಯ ‘ನಂಬು’ ಎಂಬರ್ಥದ ಧಾತು. ಸಾಲ ಕೊಡುವವನು ನಂಬಿ ಕೊಡುತ್ತಾನೆ. ಆದ್ದರಿಂದ ಸಾಲಕ್ಕೆ ಆ ಹೆಸರು. ಕನ್ನಡದ ‘ನಂಬಿಕೆ’ ತಮಿಳಿನಲ್ಲಿ ‘ನಂಬಿಕ್ಕೈ’. ವ್ಯವಹಾರದ ಶಾಲೆಯಲ್ಲಿ ಸಿಗುವ ಕ್ರೆಡಿಟ್ ಅಂಕಪಟ್ಟಿಯಲ್ಲಿ ಬರುತ್ತದೆ. ಊರಿನಲ್ಲಿ ಸಿಗಬೇಕಾದ ನಂಬಿಕೆ ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. ಅದನ್ನು ಗಳಿಸಲು ಆ ಊರಿನ ನುಡಿ ಬೇಕು.

ವ್ಯವಹಾರ ನಿರ್ವಹಣೆಯನ್ನು ಕಲಿಸುವ ಶಾಲೆಗಳು ಕೊಯಮತ್ತೂರಿನಲ್ಲಿ ಹಲವಿವೆ: ಪಿಎಸ್‌ಜಿ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್, ಎಟ್ಟಿಮಡೈಯಲ್ಲಿರುವ ಅಮೃತ, ಭಾರತಿಯಾರ್ ವಿಶ್ವವಿದ್ಯಾಲಯದ ವಿಭಾಗ ಮುಂತಾದವು. ಅವುಗಳಲ್ಲಿ ಬೋಧನೆ ಇಂಗ್ಲಿಷಿನಲ್ಲಿ. 1908ರಲ್ಲಿ ಸ್ಥಾಪನೆಯಾದ ಹಾರ್ವರ್ಡ್‌ನ ಶಾಲೆ ಪ್ರಸಿದ್ಧಿಗೆ ತಂದ ‘ಕೇಸ್’ ಪದ್ಧತಿ, ಅಂದರೆ ಒಂದು ನಿಜವಾದ ಉದ್ಯಮದ ಕಷ್ಟಸುಖಗಳನ್ನು ಮುಂದಿಟ್ಟುಕೊಂಡು ಚರ್ಚಿಸುವ ಕ್ರಮ, ಇಂದು ಜಗತ್ತಿನ ಎಲ್ಲೆಡೆಯಂತೆ ಇಲ್ಲಿಯೂ ಪರಿಚಿತ. ಆದುದರಿಂದ ಧಾರವಾಡದಿಂದಲೋ ಮೈಸೂರಿನಿಂದಲೋ ಹೋದ ವಿದ್ಯಾರ್ಥಿಗೆ ತರಗತಿಯೊಳಗೆ ಹೆಚ್ಚಿನ ತೊಡಕಿಲ್ಲ. ಅವನ ಪರದೇಶ ಆರಂಭವಾಗುವುದು ತರಗತಿಯ ಬಾಗಿಲಿನ ಹೊರಗೆ.

ಗಾಂಧಿಪುರಂ ನಿಲ್ದಾಣದಲ್ಲಿ ನಿಂತಾಗ ಊರಬಸ್ಸಿನ ಫಲಕ ತಮಿಳಿನಲ್ಲಿರುತ್ತದೆ. ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ, ತ, ದಗಳಿಗೂ ಒಂದೇ, ಮಹಾಪ್ರಾಣಗಳಿಲ್ಲ. ‘ಗಾಂಧಿ’ ಎಂಬುದನ್ನು ಅಲ್ಲಿ ‘ಕಾನ್ತಿ’ ಎಂದು ಬರೆದಂತಿರುತ್ತದೆ. ಓದುವವನು ಸಂದರ್ಭವನ್ನರಿತು ‘ಗಾಂಧಿ’ ಎಂದುಕೊಳ್ಳಬೇಕು. ಊಟದ ಮನೆಯಲ್ಲಿ ಜೋಳದ ರೊಟ್ಟಿಯಿಲ್ಲ, ಮುದ್ದೆಯಿಲ್ಲ. ಕೊಂಗುನಾಡಿನ ಅಕ್ಕಿ-ಬೇಳೆಯ ಅನ್ನ, ‘ಅರಿಸಿ ಪರುಪ್ಪು ಸಾದಂ’, ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಭಾನುವಾರದ ಮಧ್ಯಾಹ್ನ ಕೋಣೆಯ ಜೊತೆಗಾರರು ತಮ್ಮೊಳಗೆ ನಗುತ್ತಿರುವಾಗ ನಗುವಿಗೆ ಕಾರಣ ತಿಳಿಯದೆ ಕುಳಿತಿರುವುದು, ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೊಳ್ಳುವುದು, ಇವು ಮೊದಲ ತಿಂಗಳ ಅನುಭವಗಳು. ಇಲ್ಲಿಂದ ಮುಂದೆ ಎರಡು ದಾರಿಗಳಿವೆ. ಇಂಗ್ಲಿಷನ್ನೇ ಹಿಡಿದುಕೊಂಡು ಸಂಸ್ಥೆಯ ಆವರಣದೊಳಗೆ ಅವಧಿಯನ್ನು ಮುಗಿಸಿ ಬರುವುದು ಒಂದು. ಊರಿನ ಮಾತಿಗೆ ಕಿವಿಗೊಡುವುದು ಇನ್ನೊಂದು. ಎರಡನೆಯ ದಾರಿಯನ್ನು ಹಿಡಿಯುವ ಕನ್ನಡ ವಿದ್ಯಾರ್ಥಿಯ ಕೈಯಲ್ಲಿ, ಅವನಿಗೇ ಅರಿವಿಲ್ಲದ ಒಂದು ಬಂಡವಾಳವಿರುತ್ತದೆ.

ಪರಸ್ಥಳವೋ, ಹಳೆಯ ನೆರೆಯೋ

ಚಾಮರಾಜನಗರದಿಂದ ಹೊರಟ ಬಸ್ಸು ದಿಂಬಂ ಘಟ್ಟದ 27 ತಿರುವುಗಳನ್ನಿಳಿದರೆ ಸತ್ಯಮಂಗಲ; ಅಲ್ಲಿಂದ ಮುಂದೆ ಕೊಯಮತ್ತೂರು. ಈ ದಾರಿ ಇಂದಿನದಲ್ಲ. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಮೈಸೂರಿನ ಅರಸರೂ, ಅನಂತರ ಹೈದರ್ ಮತ್ತು ಟಿಪ್ಪು ಅವರೂ ಕೊಯಮತ್ತೂರಿನ ಸೀಮೆಯನ್ನು ಆಳಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಕನ್ನಡನಾಡಿನ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿಯೇ ಉಳಿಯಿತು; 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಳ್ಳೇಗಾಲದವರಿಗೆ ಜಿಲ್ಲೆಯ ಕೇಂದ್ರ ಕೊಯಮತ್ತೂರು. ಅಲ್ಲಿಯ ಕಛೇರಿಗೆ ಅರ್ಜಿ ಹಿಡಿದು ಹೋದ ಕನ್ನಡ ರೈತನಿಗೆ ಅದು ಪರರಾಜ್ಯವಾಗಿರಲಿಲ್ಲ.

ಇದಕ್ಕಿಂತಲೂ ಹಿಂದಕ್ಕೆ ಹೋದರೆ ವ್ಯಾಪಾರಿಗಳ ದಾರಿ ಕಾಣುತ್ತದೆ. ಪಶ್ಚಿಮ ಘಟ್ಟಗಳ ನಡುವಿನ ಪಾಲಕ್ಕಾಡಿನ ಕಣಿವೆ ಅರಬ್ಬಿ ಕಡಲ ತೀರವನ್ನು ಕೊಂಗುನಾಡಿಗೆ ಜೋಡಿಸುತ್ತದೆ. ಕೊಯಮತ್ತೂರಿನ ಹೊರವಲಯದ ವೆಳ್ಳಲೂರಿನಲ್ಲಿ ರೋಮನ್ ನಾಣ್ಯಗಳ ನಿಧಿಗಳು ದೊರೆತಿರುವುದು ಆ ದಾರಿಯ ಹಳಮೆಗೆ ಸಾಕ್ಷಿ. ಮಧ್ಯಯುಗದಲ್ಲಿ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ಕನ್ನಡ ನಾಡಿನಲ್ಲಿಯೂ ತಮಿಳು ನಾಡಿನಲ್ಲಿಯೂ ವ್ಯವಹರಿಸಿತು. ಕನ್ನಡ ಶಾಸನಗಳ ‘ಐನೂರ್ವರು’ ತಮಿಳು ಶಾಸನಗಳಲ್ಲಿ ‘ಐನೂಱ್ಱುವರ್’ ಆಗಿದ್ದಾರೆ. ಅವರಿಗಿದ್ದ ಇನ್ನೊಂದು ಹೆಸರು ‘ನಾನಾದೇಶಿ’, ಹಲವು ನಾಡುಗಳಲ್ಲಿ ನಡೆದಾಡುವವರು. ಕನ್ನಡ ನಾಡಿನಲ್ಲಿ ಕನ್ನಡದಲ್ಲಿಯೂ ತಮಿಳು ನಾಡಿನಲ್ಲಿ ತಮಿಳಿನಲ್ಲಿಯೂ ಶಾಸನ ಹಾಕಿಸುವುದು ಅವರಿಗೆ ವ್ಯಾಪಾರದ ಒಂದು ಭಾಗವೇ ಆಗಿತ್ತು.

ಸಂತೆಯಲ್ಲಿ ಕೇಳುವ ಹಳಗನ್ನಡ

ಐಚ್ಛಿಕ ಕನ್ನಡದ ಪಠ್ಯದಲ್ಲಿ ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಯಿತೆಂದು ಓದುತ್ತೇವೆ. ಸುಮಾರು ಹತ್ತನೆಯ ಶತಮಾನದಲ್ಲಿ ತೊಡಗಿದ ಈ ಮಾರ್ಪಾಡು ಮುಂದಿನ ಕೆಲವು ಶತಮಾನಗಳಲ್ಲಿ ನುಡಿಯನ್ನೆಲ್ಲ ವ್ಯಾಪಿಸಿತು. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿ ಮುಗಿದುಹೋಗುವ ಈ ನಿಯಮ ಕೊಯಮತ್ತೂರಿನ ಸಂತೆಯಲ್ಲಿ ಕೀಲಿಕೈಯಂತೆ ಕೆಲಸ ಮಾಡುತ್ತದೆ. ತಮಿಳಿನಲ್ಲಿ ಆ ಪಕಾರ ಹಾಗೆಯೇ ಉಳಿದಿದೆ. ‘ಪಣಂ’ ಎಂದರೆ ಹಣ, ‘ಪತ್ತು’ ಹತ್ತು, ‘ಪೊನ್’ ಹೊನ್ನು, ‘ಪಾಲ್’ ಹಾಲು, ‘ಪೂ’ ಹೂವು, ‘ಪಸಿ’ ಹಸಿವು. ಉಕ್ಕಡದ ಬಳಿಯಿರುವ ದೊಡ್ಡ ಕೆರೆಯ ಹೆಸರು ಪೆರಿಯಕುಳಂ; ‘ಪೆರಿಯ’ ನಮ್ಮ ‘ಹಿರಿಯ’, ‘ಕುಳಂ’ ನಮ್ಮ ‘ಕೊಳ’. ಹತ್ತಿಗೆ ಅವರು ‘ಪರುತ್ತಿ’ ಎನ್ನುತ್ತಾರೆ. ಹಳಗನ್ನಡದ ‘ಪರ್ತಿ’ಯನ್ನು ಬಲ್ಲವನಿಗೆ ಆ ಪದ ಹೊಸದಲ್ಲ. ‘ಪಂಜು’ ಎಂಬ ಮಾತು ಕೇಳಿ ದೀವಟಿಗೆಯನ್ನು ನೆನೆಯಬೇಕಾಗಿಲ್ಲ; ಅದು ಅರಳೆ, ನಮ್ಮ ನೂಲುವವರ ‘ಹಂಜಿ’ಯ ಬಂಧು.

ಎರಡನೆಯ ಕೀಲಿಕೈ ವಕಾರ-ಬಕಾರಗಳದು. ತಮಿಳಿನ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಬಕಾರ ಬರುತ್ತದೆ. ‘ವಿಲೈ’ ಬೆಲೆ, ‘ವೆಳ್ಳಿ’ ಬೆಳ್ಳಿ, ‘ವಾ’ ಬಾ. ‘ವಟ್ಟಿ’ ಎಂದರೆ ಬಡ್ಡಿ. ಎರಡೂ ಸಂಸ್ಕೃತದ ‘ವೃದ್ಧಿ’ಯ ತದ್ಭವಗಳು, ಒಂದೊಂದು ನುಡಿಯ ಜಾಯಮಾನಕ್ಕೆ ತಕ್ಕಂತೆ ರೂಪ ತಳೆದವು.

ಮೂರನೆಯದು ‘ೞ’. ಕನ್ನಡ ವಿದ್ಯಾರ್ಥಿಗೆ ಇದು ಗ್ರಂಥಸಂಪಾದನೆಯ ಪಾಠದಲ್ಲಿ ಎದುರಾಗುವ, ಉಚ್ಚಾರಣೆ ಹೇಗಿತ್ತೆಂದು ಊಹಿಸಬೇಕಾದ ಅಕ್ಷರ. ತಮಿಳಿನಲ್ಲಿ ಅದು ಜೀವಂತ. ಎಲ್ಲರ ಬಾಯಲ್ಲಿಯೂ ಅಷ್ಟು ಸ್ಪಷ್ಟವಾಗಿ ಕೇಳಿಸದಿದ್ದರೂ, ತಿದ್ದಿ ಮಾತಾಡುವವರು ‘ವಾೞೈ’ (ಬಾಳೆ), ‘ಪೞೈಯ’ (ಹಳೆಯ), ‘ಏೞು’ (ಏಳು) ಎನ್ನುವಾಗ ಶಾಸನಗಳ ಧ್ವನಿಯನ್ನೇ ಕೇಳಿದಂತಾಗುತ್ತದೆ. ‘ಱ’ವೂ ತಮಿಳು ಬರಹದಲ್ಲಿ ಉಳಿದಿದೆ, ಮಗ್ಗಕ್ಕೆ ‘ತಱಿ’, ಕೈಮಗ್ಗಕ್ಕೆ ‘ಕೈತ್ತಱಿ’ ಎಂದು ಬರೆಯುತ್ತಾರೆ.

ಇದರಿಂದ ಕನ್ನಡವು ತಮಿಳಿನಿಂದ ಹುಟ್ಟಿತೆಂಬ ತೀರ್ಮಾನಕ್ಕೆ ಬರುವುದು ತಪ್ಪಾಗುತ್ತದೆ. ಎರಡೂ ಒಂದೇ ಮೂಲದ ಕವಲುಗಳು. ತಮಿಳು ಕೆಲವು ಹಳೆಯ ಲಕ್ಷಣಗಳನ್ನು ಉಳಿಸಿಕೊಂಡಿದ್ದರೆ ಕನ್ನಡ ಬೇರೆ ಕೆಲವನ್ನು ಉಳಿಸಿಕೊಂಡಿದೆ. ಕನ್ನಡದ ‘ಕಿವಿ’ ತಮಿಳಿನಲ್ಲಿ ‘ಸೆವಿ’. ಹಳಗನ್ನಡದ ‘ಗೆಯ್’ ತಮಿಳಿನಲ್ಲಿ ‘ಸೆಯ್’. ಇಲ್ಲಿ ಮೂಲದ ಕಕಾರವನ್ನು ಕಾಪಾಡಿಕೊಂಡು ಬಂದಿರುವುದು ಕನ್ನಡ. 1856ರಲ್ಲಿ ಪ್ರಕಟವಾದ ಕಾಲ್ಡ್‌ವೆಲ್‌ನ ತೌಲನಿಕ ವ್ಯಾಕರಣದಿಂದ 1961ರ ಬರೊ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶದವರೆಗೆ ವಿದ್ವಾಂಸರು ಸ್ಥಾಪಿಸಿದ್ದು ಇದನ್ನೇ. ಹೀಗೆ ಬಂಧುತ್ವದಿಂದ ಹೋಲುವ ಪದಗಳನ್ನು ಜ್ಞಾತಿಪದಗಳೆನ್ನುತ್ತಾರೆ.

ಮರಾಠಿಯೊಂದಿಗೆ ಕನ್ನಡದ ನಂಟು ಬೇರೆ ಬಗೆಯದು. ಇಚಲಕರಂಜಿ, ಸೊಲ್ಲಾಪುರಗಳ ಪೇಟೆಯಲ್ಲಿ ಕನ್ನಡಿಗನಿಗೆ ಗಿರಾಕಿ, ಉದ್ರಿ, ಖಾತೆ, ಬಾಕಿ, ವಸೂಲಿ ಮುಂತಾದವೆಲ್ಲ ತಟ್ಟನೆ ತಿಳಿಯುತ್ತವೆ. ಕನ್ನಡದ ‘ಬಂಡವಾಳ’ವೂ ಮರಾಠಿಯ ‘ಭಾಂಡವಲ’ವೂ ಒಂದೇ. ಇವು ಶತಮಾನಗಳ ಒಡನಾಟದಲ್ಲಿ ಕೈಯಿಂದ ಕೈಗೆ ಸಾಗಿದ ಎರವಲು ಪದಗಳು. ಒಡನಾಟದ ಪದಗಳು ತಮಿಳು ಪೇಟೆಯಲ್ಲಿಯೂ ಇಲ್ಲದಿಲ್ಲ. ‘ರೊಕ್ಕಂ’ ಎಂದರೆ ಅಲ್ಲಿಯೂ ಕೈಯಲ್ಲಿರುವ ನಗದು, ‘ಅಸಲ್’ ಎಂದರೆ ಅಸಲು, ‘ವಸೂಲ್’ ಎಂದರೆ ವಸೂಲಿ. ಉತ್ತರ ಕರ್ನಾಟಕದ ವಿದ್ಯಾರ್ಥಿಗೆ ತನ್ನ ಮನೆಯ ‘ರೊಕ್ಕ’ ಅಷ್ಟು ದೂರದಲ್ಲಿ ಸಿಕ್ಕಿದಾಗ ಆಗುವ ಸಂತೋಷ ಸಣ್ಣದಲ್ಲ. ಆದರೆ ಬಂಡವಾಳಕ್ಕೆ ತಮಿಳರು ‘ಮುದಲ್’ ಎನ್ನುತ್ತಾರೆ. ಒಡೆಯ ‘ಮುದಲಾಳಿ’, ಹೂಡಿಕೆ ‘ಮುದಲೀಡು’. ನಮ್ಮ ‘ಮೊದಲು’ ಪದಕ್ಕೂ ಹಿಂದೆ ಅಸಲು, ಮೂಲಧನ ಎಂಬ ಅರ್ಥವಿತ್ತು. ಕಿಟ್ಟೆಲ್ ಅವರ 1894ರ ನಿಘಂಟನ್ನು ತೆರೆದು ನೋಡಬಹುದು.

ಹೋಲಿಕೆ ಕೆಲವೊಮ್ಮೆ ಮೋಸವನ್ನೂ ಮಾಡುತ್ತದೆ. ‘ಕಡೈ’ ಎಂದರೆ ಅಂಗಡಿ, ನಮ್ಮ ‘ಕಡೆ’ಯಲ್ಲ. ‘ಸೆಲವು’ ಎಂದರೆ ಖರ್ಚು. ಅದಕ್ಕೂ ಚೆಲುವಿಗೂ ಸಂಬಂಧವಿಲ್ಲ. ‘ಸರಕ್ಕು’ ನಮ್ಮ ಸರಕೇ ಹೌದಾದರೂ, ಆಡುಮಾತಿನಲ್ಲಿ ಅದಕ್ಕೆ ಮದ್ಯವೆಂಬ ಅರ್ಥವೂ ಇದೆ. ಸರಕು ಎಲ್ಲಿ ಸಿಗುತ್ತದೆಂದು ಸಂಜೆಯ ಹೊತ್ತು ವಿಚಾರಿಸುವ ವಾಣಿಜ್ಯ ವಿದ್ಯಾರ್ಥಿ ಎಚ್ಚರದಿಂದಿರುವುದು ಒಳಿತು.

ನಿಯಮಗಳಿಗಿಂತ ಬೇಗ ಮನಸ್ಸಿಗೆ ಹತ್ತುವುದು ಮರ್ಯಾದೆಯ ಮಾತು. ಕೊಂಗುನಾಡಿನ ತಮಿಳಿಗೆ ಅದರ ವಿನಯದಿಂದಾಗಿ ಹೆಸರಿದೆ. ಅಲ್ಲಿ ಬಹುಮಟ್ಟಿಗೆ ಯಾವ ಮಾತಿನ ಕೊನೆಗೂ ‘ಂಗ’ ಸೇರುತ್ತದೆ: ‘ಏನುಂಗ’, ‘ಸರೀಂಗ’, ‘ಇಲ್ಲೀಂಗ’. ಧಾರವಾಡ-ಬೆಳಗಾವಿಯ ಕಡೆ ‘ಏನ್ರೀ’, ‘ಹೌದ್ರೀ’, ‘ಇಲ್ರೀ’ ಎನ್ನುವ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ರೀ’ ಇದ್ದಲ್ಲಿ ‘ಂಗ’ ಇಟ್ಟರಾಯಿತು. ಅಣ್ಣ, ಅಕ್ಕ ಎರಡೂ ನುಡಿಗಳಿಗೆ ಸಮಾನ. ಅಂಗಡಿಯ ಹಿರಿಯರು ಅವನನ್ನು ‘ತಂಬಿ’ (ತಮ್ಮ) ಎಂದೋ ‘ಕಣ್ಣು’ ಎಂದೋ ಕರೆಯತೊಡಗಿದರೆ ಅವನ ಖಾತೆಯಲ್ಲಿ ಮೊದಲ ಜಮಾ ಬಿದ್ದಂತೆ.

ಒಂದು ಬನಿಯನ್ನಿನ ಪಾಠ

ಕೊಯಮತ್ತೂರಿನಿಂದ ಅವಿನಾಶಿ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಸಾಗಿದರೆ ತಿರುಪ್ಪೂರು. 2009ರಲ್ಲಿ ಪ್ರತ್ಯೇಕ ಜಿಲ್ಲೆಯ ಕೇಂದ್ರವಾದ ಈ ಊರು ಭಾರತದ ಹೆಣಿಗೆ ಉಡುಪುಗಳ ರಫ್ತಿನ ದೊಡ್ಡ ಪಾಲನ್ನು ನಿರ್ವಹಿಸುತ್ತದೆ. ವ್ಯವಹಾರ ಶಾಲೆಯ ವಿದ್ಯಾರ್ಥಿಗಳನ್ನು ಅಧ್ಯಯನಕ್ಕೆ ಇಲ್ಲಿಗೆ ಕರೆತರುವುದು ಸಹಜ. 1920ರ ದಶಕದಲ್ಲಿ ಬನಿಯನ್ ಹೆಣೆಯುವ ಚಿಕ್ಕ ಘಟಕಗಳಿಂದ ಆರಂಭಗೊಂಡ ಉದ್ಯಮ, 1970ರ ದಶಕದ ಅನಂತರ ಯುರೋಪಿನ ಮಾರುಕಟ್ಟೆಗೆ ಟೀ ಶರ್ಟುಗಳನ್ನು ಕಳುಹಿಸುವಷ್ಟು ಬೆಳೆಯಿತು. 1990ರಲ್ಲಿ ತಿರುಪ್ಪೂರು ರಫ್ತುದಾರರ ಸಂಘ ಸ್ಥಾಪನೆಯಾಯಿತು.

‘ಬನಿಯನ್’ ಪದದ ಚರಿತ್ರೆಯೇ ಒಂದು ವಿನಿಮಯದ ಕತೆ. ವರ್ತಕನೆಂಬರ್ಥದ ಸಂಸ್ಕೃತದ ‘ವಣಿಜ್’ ಗುಜರಾತಿಯಲ್ಲಿ ‘ವಾಣಿಯೊ’ ಆಯಿತು. ಗುಜರಾತಿನ ವರ್ತಕರನ್ನು ಕಂಡ ಪೋರ್ಚುಗೀಸರು, ಆಂಗ್ಲರು ಅದನ್ನು ‘ಬನಿಯನ್’ ಎಂದರು. ಮುಂದೆ ಆ ಹೆಸರು ಅವರು ತೊಡುತ್ತಿದ್ದ ಸಡಿಲ ಅಂಗಿಗೂ, ಕೊನೆಗೆ ಒಳ ಅಂಗಿಗೂ ಅಂಟಿತು. ಅದೇ ‘ವಣಿಜ್’ ಕನ್ನಡದಲ್ಲಿ ‘ಬಣಜಿಗ’ನಾಗಿದ್ದಾನೆ. ವರ್ತಕನ ಹೆಸರು ಉಡುಪಿನ ಹೆಸರಾಗಿ, ಆ ಉಡುಪಿನಿಂದ ಒಂದು ಊರು ಬದುಕುತ್ತಿದೆ.

ತಿರುಪ್ಪೂರಿನಲ್ಲಿ ಒಂದು ಉಡುಪು ಸಾಮಾನ್ಯವಾಗಿ ಒಂದೇ ಸೂರಿನ ಕೆಳಗೆ ಹುಟ್ಟುವುದಿಲ್ಲ. ನೂಲು ಒಂದು ಕಡೆಯಿಂದ ಬರುತ್ತದೆ, ಹೆಣಿಗೆ ಇನ್ನೊಂದು ಕಡೆ ನಡೆಯುತ್ತದೆ. ಬಣ್ಣ ಹಾಕುವ ‘ಸಾಯಪ್ಪಟ್ಟಱೈ’ ಬೇರೆ, ಅಚ್ಚು ಹಾಕುವವರು ಬೇರೆ. ಕತ್ತರಿಸುವ ಕಟಿಂಗ್ ಮಾಸ್ಟರ್, ಓವರ್‌ಲಾಕ್ ಯಂತ್ರದಲ್ಲಿ ಹೊಲಿಯುವವರು, ಚೆಕಿಂಗ್ ಮಾಡುವ ಹೆಂಗಸರು, ಇಸ್ತ್ರಿ, ಪ್ಯಾಕಿಂಗ್ ಹೀಗೆ ಸರಪಣಿ ಸಾಗುತ್ತದೆ. ಹಲವು ಕೊಂಡಿಗಳು ‘ಜಾಬ್ ವರ್ಕ್’ ಎಂಬ ಒಪ್ಪಂದದ ಮೇಲೆ ನಿಂತಿವೆ. ತುಂಡಿಗೆ ಇಷ್ಟು ಎಂಬ ದರ ಹಲವೊಮ್ಮೆ ಬಾಯಿಮಾತಿನಲ್ಲಿಯೇ ತೀರ್ಮಾನವಾಗುತ್ತದೆ. ಪರದೇಶದ ಕೊಳ್ಳುವವನು ಬಣ್ಣ ಒಪ್ಪಲಿಲ್ಲವೆಂದು ಸರಕನ್ನು ತಿರಸ್ಕರಿಸಿದರೆ ನಷ್ಟ ಯಾರದು ಎಂಬುದು ಬರೆದ ಕಾಗದಕ್ಕಿಂತ ಹೆಚ್ಚಾಗಿ ಪರಸ್ಪರರ ‘ನಂಬಿಕ್ಕೈ’ಯ ಮೇಲೆ ಇತ್ಯರ್ಥವಾಗುವುದುಂಟು. ಇಂಗ್ಲಿಷ್ ಮಾತ್ರ ಬಲ್ಲ ವಿದ್ಯಾರ್ಥಿಗೆ ರಫ್ತುದಾರರ ಕಛೇರಿಯವರೆಗಿನ ಸಂಗತಿ ತಿಳಿಯುತ್ತದೆ. ಕೂಲಿ ಎಷ್ಟು, ಬಾಕಿ ಎಷ್ಟು, ರಾತ್ರಿ ಪಾಳಿ ಏಕೆ ಬಂತು ಎಂಬುದನ್ನು ಅವನಿಗೆ ಹೇಳುವವರು ಹೊಲಿಗೆಯ ಯಂತ್ರದ ಮುಂದಿದ್ದಾರೆ. ಅವರಲ್ಲಿ ಇಂದು ಒಡಿಶಾ, ಬಿಹಾರಗಳಿಂದ ಬಂದವರೂ ಅನೇಕರು.

ಶರದ್ ಚಾರಿ ಎಂಬ ವಿದ್ವಾಂಸರು ತಿರುಪ್ಪೂರಿನ ಬಗ್ಗೆ ಬರೆದ ‘ಫ್ರೇಟರ್ನಲ್ ಕ್ಯಾಪಿಟಲ್’ (2004) ಗ್ರಂಥ ಇಲ್ಲಿ ನೆನೆಯತಕ್ಕದ್ದು. ರೈತಾಪಿ ಹಿನ್ನೆಲೆಯ ಗೌಂಡರ್ ಸಮುದಾಯದ ಕೆಲಸಗಾರರು ಮಾಲೀಕರಾಗಿ ಬೆಳೆದ ಬಗೆಯನ್ನು ಅವರು ವಿವೇಚಿಸಿದ್ದಾರೆ. ತಮ್ಮ ಏಳಿಗೆಗೆ ಕಾರಣವೇನೆಂದು ಕೇಳಿದಾಗ ಆ ಮಾಲೀಕರು ಮತ್ತೆ ಮತ್ತೆ ಹೇಳಿದ ಒಂದು ಪದ ‘ಉೞೈಪ್ಪು’, ದುಡಿಮೆ. ಬಂಡವಾಳವೆಂದರೆ ಹಣ ಎಂದು ಕಲಿತ ವಿದ್ಯಾರ್ಥಿ, ದುಡಿಮೆಯನ್ನೇ ಬಂಡವಾಳವೆನ್ನುವ ಊರಿನಲ್ಲಿ ನಿಂತಿದ್ದಾನೆ. ಆದರೆ ಯಾರ ದುಡಿಮೆ ಮಾಲೀಕತ್ವವಾಗಿ ಫಲಿಸಿತು, ಯಾರದು ಕೂಲಿಯಾಗಿಯೇ ಉಳಿಯಿತು ಎಂದು ಕೇಳುವುದಕ್ಕೂ ಆ ಪದದ ತೂಕ ತಿಳಿದಿರಬೇಕು. ‘ಗೌಂಡರ್’ ಎಂಬ ಹೆಸರು ನಮ್ಮ ಶಾಸನಗಳ ‘ಗಾವುಂಡ’ನನ್ನು ನೆನಪಿಸುವುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಈ ಊರಿನ ಲೆಕ್ಕದಲ್ಲಿ ಬಹುಕಾಲ ಬರೆಯದೇ ಬಿಟ್ಟ ಒಂದು ಖರ್ಚಿದೆ. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ನದಿ ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕಾವೇರಿಯನ್ನು ಸೇರುತ್ತದೆ. ಬಣ್ಣದ ಘಟಕಗಳ ಉಪ್ಪುನೀರು ವರ್ಷಾನುಗಟ್ಟಲೆ ಅದಕ್ಕೆ ಸೇರಿ, ಕೆಳಗಿನ ಒರತ್ತುಪಾಳೈಯಂ ಅಣೆಕಟ್ಟಿನ ನೀರು ಬೇಸಾಯಕ್ಕೆ ಬಾರದಂತಾಯಿತು. ರೈತರು ನ್ಯಾಯಾಲಯದ ಮೆಟ್ಟಿಲೇರಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚುವಂತೆ ಆದೇಶಿಸಿತು. ನೂರಾರು ಘಟಕಗಳು ನಿಂತವು. ತ್ಯಾಜ್ಯದ ಒಂದು ಹನಿಯನ್ನೂ ಹೊರಬಿಡದೆ ನೀರನ್ನು ಶುದ್ಧೀಕರಿಸಿ ಮರುಬಳಸುವ ವ್ಯವಸ್ಥೆ ಮುಂದೆ ಅಲ್ಲಿ ಅನಿವಾರ್ಯವಾಯಿತು. ಒಂದು ಬನಿಯನ್ನಿನ ನಿಜವಾದ ‘ವಿಲೈ’ ಎಷ್ಟು ಎಂಬ ಪ್ರಶ್ನೆಗೆ ಮಾಲೀಕನ ಉತ್ತರ ಒಂದಾದರೆ, ನದಿಯ ಕೆಳದಂಡೆಯ ರೈತನ ಉತ್ತರ ಮತ್ತೊಂದು. ಎರಡನ್ನೂ ಅವರವರ ಮಾತಿನಲ್ಲಿ ಕೇಳಿಸಿಕೊಂಡವನು ವ್ಯವಹಾರವನ್ನು ಕಲಿತವನು.

ಮಾತುಂಟು, ಅಕ್ಷರವಿಲ್ಲ

ಇದುವರೆಗೆ ಹೇಳಿದ್ದು ವಿದ್ಯಾರ್ಥಿ ಪಡೆದುಕೊಳ್ಳುವುದರ ಬಗ್ಗೆ. ಅವನು ಕೊಡಬಹುದಾದದ್ದೂ ಆ ಊರಿನಲ್ಲಿಯೇ ಕಾದಿದೆ.

ಕೊಯಮತ್ತೂರು, ತಿರುಪ್ಪೂರು ಸೀಮೆಗಳಲ್ಲಿ ತಲೆತಲಾಂತರದಿಂದ ನೆಲಸಿದ ಕನ್ನಡ ಮನೆಮಾತಿನ ಸಮುದಾಯಗಳಿವೆ. ನೇಕಾರರಾದ ದೇವಾಂಗರಲ್ಲಿ ಒಂದು ದೊಡ್ಡ ಭಾಗ ಮನೆಯಲ್ಲಿ ಕನ್ನಡ ಆಡುತ್ತದೆ. ಒಕ್ಕಲಿಗ ಗೌಡರ ಮನೆಗಳಲ್ಲಿಯೂ ಕನ್ನಡವಿದೆ. ದೇವಾಂಗರ ಕುಲದೇವತೆ ಚೌಡೇಶ್ವರಿ ತಮಿಳಿನ ನಾಲಿಗೆಯಲ್ಲಿ ಸೌಡೇಶ್ವರಿಯಾಗಿ, ಸೌಡಾಂಬಿಕೆಯಾಗಿ ಕೊಯಮತ್ತೂರಿನ ನಡುಪೇಟೆಯಲ್ಲಿ ಪೂಜೆಗೊಳ್ಳುತ್ತಾಳೆ. ವಿಜಯದಶಮಿಯಂದು ಅವಳಿಗೆ ಸಲ್ಲುವ ಕತ್ತಿಯ ಸೇವೆ ಊರಿಗೆಲ್ಲ ಪರಿಚಿತ. ದೇವಾಂಗರು ಗೌರವಿಸುವ ದೇವರ ದಾಸಿಮಯ್ಯ ನಮ್ಮ ಪಠ್ಯದ ವಚನಕಾರ, ವೃತ್ತಿಯಿಂದ ನೇಕಾರ. ಅವನ ನುಡಿ ಕೊಂಗುನಾಡಿನ ಮಗ್ಗದ ಮನೆಗಳಲ್ಲಿ ಇಂದಿಗೂ ಮಾತಾಗಿದೆ.

ಮಾತಾಗಿದೆಯೇ ಹೊರತು ಬರಹವಾಗಿಲ್ಲ. ಈ ಮನೆಗಳ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು ಮತ್ತು ಇಂಗ್ಲಿಷ್. ಹತ್ತನೆಯ ತರಗತಿಯವರೆಗೆ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದ ಕಾಯ್ದೆ ತಮಿಳುನಾಡಿನಲ್ಲಿ 2006ರಲ್ಲಿ ಬಂದಿತು. ಬದುಕುವ ನಾಡಿನ ನುಡಿಯನ್ನು ಕಲಿಯುವುದು ಸರಿಯೇ. ಕರ್ನಾಟಕದಲ್ಲಿ ನಾವೂ ಅದನ್ನೇ ಬಯಸುತ್ತೇವೆ. ಆದರೆ ಅಜ್ಜಿ ಆಡುವ ಮಾತಿಗೆ ಅಕ್ಷರವುಂಟೆಂಬುದು, ಆ ಅಕ್ಷರದಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಬರಹವುಂಟೆಂಬುದು ಮೊಮ್ಮಗನಿಗೆ ಕಾಣದೇ ಹೋಗುತ್ತದೆ. ಮನೆಮಾತು ಕೇವಲ ಒಳಕೋಣೆಯ ಮಾತಾದಾಗ ಮೊದಲು ಕುಗ್ಗುವುದು ಅದರ ಶಬ್ದಸಂಪತ್ತು. ಸಂತೆಯ ಪದಗಳು, ಲೆಕ್ಕದ ಪದಗಳು ಹೊರಗಿನ ನುಡಿಯದಾಗುತ್ತವೆ. ಅಡುಗೆಯ ಪದಗಳು, ನೆಂಟಸ್ತಿಕೆಯ ಪದಗಳು, ದೇವರ ಪದಗಳು ಕೊನೆಯವರೆಗೆ ನಿಲ್ಲುತ್ತವೆ. ಕೈಮಗ್ಗ ನಿಂತ ಮನೆಯಲ್ಲಿ ಮಗ್ಗದ ಪದಗಳೂ ನಿಲ್ಲುತ್ತವೆ.

ಇಂಥ ಮನೆಯೊಂದಕ್ಕೆ ಪರಿಚಯವಾದ ಕನ್ನಡ ವಿದ್ಯಾರ್ಥಿ ಭಾನುವಾರದ ಎರಡು ಗಂಟೆಗಳಲ್ಲಿ ಆ ಮಕ್ಕಳಿಗೆ ಕನ್ನಡ ಅಕ್ಷರಗಳನ್ನು ತೋರಿಸಬಹುದು. ಮಗ್ಗದ ಒಂದೊಂದು ಭಾಗಕ್ಕೂ ಹಿರಿಯರು ಬಳಸುವ ಹೆಸರನ್ನು ಕೇಳಿ ಬರೆದುಕೊಳ್ಳಬಹುದು. ಇಳಕಲ್ಲಿನಲ್ಲಿಯೋ ರಬಕವಿ-ಬನಹಟ್ಟಿಯಲ್ಲಿಯೋ ಅದೇ ಭಾಗಕ್ಕೆ ಏನೆನ್ನುತ್ತಾರೆಂದು ಹೋಲಿಸಬಹುದು. ಬೆಂಗಳೂರಿನ ಚಿಕ್ಕಪೇಟೆಗೆ ಸರಕು ಕಳುಹಿಸುವ ವರ್ತಕನಿಗೆ ಕನ್ನಡದ ಒಂದು ಪತ್ರವನ್ನೋ ಒಂದು ವಿವರಪಟ್ಟಿಯನ್ನೋ ತಪ್ಪಿಲ್ಲದೆ ಬರೆದುಕೊಡಬಹುದು. ಇವು ಸಣ್ಣ ಕೆಲಸಗಳು. ಆದರೆ ಇಂಗ್ಲಿಷ್ ಮಾತ್ರ ಹಿಡಿದು ಹೋದವನಿಂದ ಆಗುವ ಕೆಲಸಗಳಲ್ಲ. ವ್ಯವಹಾರ ಶಾಲೆಯ ಅಧ್ಯಾಪಕರೂ ಇವನ್ನು ಕಲಿಸಲಾರರು. ಇವಕ್ಕೆ ಬೇಕಾದ ಸಿದ್ಧತೆ ನಡೆಯುವುದು ಧ್ವನಿವ್ಯತ್ಯಾಸದ ಪಾಠದಲ್ಲಿ, ತತ್ಸಮ-ತದ್ಭವದ ಪಾಠದಲ್ಲಿ, ವಚನಗಳ ಓದಿನಲ್ಲಿ.

ಪೊರುಳ್ ಮತ್ತು ಹುರುಳು

ಕೊನೆಗೆ ಒಂದು ಪದವನ್ನು ಗಮನಿಸಬಹುದು. ತಮಿಳಿನಲ್ಲಿ ‘ಪೊರುಳ್’ ಎಂದರೆ ವಸ್ತು, ಸಂಪತ್ತು. ಮಾತಿನ ಅರ್ಥಕ್ಕೂ ಅದೇ ಪದ. ಅರ್ಥಶಾಸ್ತ್ರವನ್ನು ‘ಪೊರುಳಿಯಲ್’ ಎನ್ನುತ್ತಾರೆ. ಪಕಾರ ಹಕಾರವಾದಾಗ ಅದು ನಮ್ಮ ‘ಹುರುಳು’. ‘ಮಾತಿನಲ್ಲಿ ಹುರುಳಿಲ್ಲ’ ಎಂದು ನಾವು ಹೇಳುವಾಗ ಹಣದ ಅರ್ಥ ಮರೆಯಾಗಿ, ಸತ್ತ್ವವೆಂಬ ಅರ್ಥ ಮಾತ್ರ ಉಳಿದಿದೆ. ಸಂಸ್ಕೃತದ ‘ಅರ್ಥ’ದಲ್ಲಿಯೂ ಈ ಎರಡು ಮುಖಗಳಿವೆ. ಹಣವನ್ನೂ ಅರ್ಥವನ್ನೂ ಒಂದೇ ಪದದಲ್ಲಿ ಕಂಡ ಹಿರಿಯರು ವ್ಯವಹಾರವನ್ನು ಭಾಷೆಯಿಂದ ಬೇರೆಯೆಂದು ಎಣಿಸಿರಲಿಲ್ಲ.

ಐಚ್ಛಿಕ ಕನ್ನಡ ಓದಿದವರೆಲ್ಲರೂ ಕೊಯಮತ್ತೂರಿಗೆ ಹೋಗುವುದಿಲ್ಲ, ವ್ಯವಹಾರ ಶಾಲೆಯನ್ನೂ ಸೇರುವುದಿಲ್ಲ. ಆದರೆ ಪದವಿಯ ಅನಂತರ ಎಂ.ಬಿ.ಎ. ಸೇರುವ, ಹೊರರಾಜ್ಯದ ಕಾರ್ಖಾನೆಯ ಕಛೇರಿಗೆ ಹೋಗುವ, ಒಂದು ಅವಧಿಯ ಮಟ್ಟಿಗೆ ಪರವೂರಿನಲ್ಲಿ ಓದುವ ವಿದ್ಯಾರ್ಥಿಗಳು ಪ್ರತಿವರ್ಷವೂ ಇದ್ದಾರೆ. ಹೊರಡುವ ಮುನ್ನ ಅವರು ಒಂದು ನೋಟುಪುಸ್ತಕದಲ್ಲಿ ಮೂರು ಅಂಕಣ ಎಳೆದುಕೊಳ್ಳಲಿ: ಹಳಗನ್ನಡ, ಹೊಸಗನ್ನಡ, ಹೋದ ಊರಿನ ನುಡಿ. ಸಂತೆಯಲ್ಲಿ, ಬಸ್ಸಿನಲ್ಲಿ, ಊಟದ ಮನೆಯಲ್ಲಿ ಕಿವಿಗೆ ಬಿದ್ದ ಪದಗಳನ್ನು ದಿನಕ್ಕೆ ಐದರಂತೆ ಬರೆದರೆ ನಾಲ್ಕು ತಿಂಗಳ ಅವಧಿಗೆ ಸುಮಾರು ಆರುನೂರು ಪದಗಳಾಗುತ್ತವೆ. ಆರುನೂರು ಪದಗಳಿಂದ ಒಂದು ಊರಿನಲ್ಲಿ ಕೊಡುಕೊಳ್ಳಬಹುದು, ಜಗಳವಾಡಬಹುದು, ನಗಬಹುದು. ನೆಂಟರು ‘ಕನ್ನಡ ಓದಿ ಏನು ಮಾಡುತ್ತೀರಿ’ ಎಂದು ಕೇಳಿದಾಗ ಆ ಪುಸ್ತಕವನ್ನು ಅವರ ಮುಂದೆ ತೆರೆದಿಡಲೂಬಹುದು.